ಹಳೇ ಕಂಪ್ಯೂಟರಿನ ಹೊಟ್ಟೆ ಬಗೆಯಬೇಡಿ



ನಮ್ಮ ಕಡೆಯ ಟೈರ್ ಬಂಡಿ ನೀವೆಲ್ಲ ನೋಡಿದ್ದೀರಿ. ಮರದ ಗಾಲಿ, ಅಚ್ಚು ಹೋದವು. ಗಾಳಿ ತುಂಬಿದ ಟೈರು ಬಂದವು. ನೊಗ ಮಾತ್ರ ಅದೇ, ಎತ್ತುಗಳೂ ಅವೇ. ಹತ್ತಿ ಹೇರಿಕೊಂಡು ಬರೋದಕ್ಕೆ ಬಂಡಿ ಇನ್ನೂ ಹಗುರಾಯಿತು. ಟೈರು ಬಂತು ಅಂತ ಬಂಡಿಯನ್ನೇ ಒಡೆದು ಯಾರೂ ಒಲೆಗೆ ಹಾಕಲಿಲ್ಲ. ಹಳೇ ಕಂಪ್ಯೂಟರಿಗೂ ಹೀಗೇ ಮಾಡಬಹುದು, ಮಾಡಬೇಕು ಅನ್ನೋದು ನನ್ನ ಅಭಿಪ್ರಾಯ.

ಬಿ.ಎಡ್. ಓದುವಾಗ ಬಳ್ಳಾರಿಯ ಒಂದು ಗುಜರಿ ಅಂಗಡಿಯಲ್ಲಿ ನನಗೊಂದು ಯಂತ್ರ ಸಿಕ್ಕಿತು. ನೋಡೋಕೆ ದಪ್ಪ ಕೀಬೋರ್ಡ್, ಅಷ್ಟೇ. ಅಂಗಡಿಯವರು ತೂಕ ಹಾಕಿ ಕೊಟ್ಟರು. ಅದು ಬಿಬಿಸಿ ಮೈಕ್ರೋ. 1981ರಲ್ಲಿ ಇಂಗ್ಲೆಂಡಿನ ಕೇಂಬ್ರಿಜ್‌ನ ಏಕಾರ್ನ್ ಕಂಪನಿ ಮಾಡಿದ್ದು. 1984ರಲ್ಲಿ ನಮ್ಮ ದೇಶದ ಶಾಲೆಗಳಿಗೆ ಕಂಪ್ಯೂಟರ್ ಪರಿಚಯಿಸಲು ಕೇಂದ್ರ ಸರ್ಕಾರ 'ಕ್ಲಾಸ್' ಎಂಬ ಯೋಜನೆ ಶುರು ಮಾಡಿದಾಗ ಆರಿಸಿಕೊಂಡಿದ್ದು ಇದೇ ಯಂತ್ರವನ್ನು. ನಿಮ್ಮ ಅಪ್ಪ-ಅಮ್ಮಂದಿರ ಕಾಲದಲ್ಲಿ ಕಂಪ್ಯೂಟರ್ ನೋಡಿದ ಕೆಲವೇ ಶಾಲಾ ಮಕ್ಕಳು ಮೊದಲು ಮುಟ್ಟಿದ್ದು ಇದನ್ನೇ.

ಅದರ ಮೆಮೊರಿ ಬರೀ 32 ಕಿಲೋಬೈಟ್. ನಿಮ್ಮ ಮನೆಯ ಫೋನಿನಲ್ಲಿ ತೆಗೆದ ಒಂದು ಫೋಟೋ 3 ಮೆಗಾಬೈಟ್ ಎಂದುಕೊಳ್ಳಿ. ಆ ಒಂದೇ ಫೋಟೋ ಇಡೋಕೆ ಇಂಥ 96 ಕಂಪ್ಯೂಟರ್ ಬೇಕು! "ಹಂಗಾದ್ರೆ ಅದನ್ನ ಇಟ್ಕೊಂಡು ಏನ್ ಮಾಡ್ತೀರಿ ಸಾರ್?" ಅಂತ ನಮ್ಮ ಒಂಬತ್ತನೇ ತರಗತಿ ಹುಡುಗಿಯೊಬ್ಬಳು ಕೇಳಿದಳು. ಒಳ್ಳೇ ಪ್ರಶ್ನೆ. ಉತ್ತರ ಹೇಳ್ತೀನಿ.

ಫೋನನ್ನು ಅಂಟು ಹಾಕಿ ಮುಚ್ಚಿರುತ್ತಾರೆ. ಒಳಗೆ ಏನು ನಡೀತಿದೆ ನಮಗೆ ಗೊತ್ತಾಗಲ್ಲ. ಬಿಬಿಸಿ ಮೈಕ್ರೋ ಹಾಗಲ್ಲ. ನಾಲ್ಕು ಸ್ಕ್ರೂ ಬಿಚ್ಚಿದರೆ ಪ್ರತಿ ಚಿಪ್ಪೂ ಕಣ್ಣಿಗೆ ಕಾಣುತ್ತದೆ. ಹಿಂದೆ, ಕೆಳಗೆ, ಸಾಲಾಗಿ ಸಾಕೆಟ್‌ಗಳಿವೆ. ಯಾವ ಪಿನ್ನಿನ ಕೆಲಸ ಏನು ಎಂಬುದನ್ನು ಅದರ ಪುಸ್ತಕದಲ್ಲೇ ಬರೆದಿದ್ದಾರೆ. ಮುಂದೆ ಯಾರೋ ಏನೋ ಜೋಡಿಸುತ್ತಾರೆ ಎಂದು ಲೆಕ್ಕ ಹಾಕಿ ಬಿಟ್ಟ ಬಾಗಿಲುಗಳು ಅವು. ನಲವತ್ತು ವರ್ಷದ ಮೇಲೂ ಆ ಬಾಗಿಲು ತೆರೆದೇ ಇದೆ.

ಒಂದು ಉದಾಹರಣೆ ನೋಡಿ. ಆ ಕಾಲದಲ್ಲಿ ಪ್ರೋಗ್ರಾಂ ಉಳಿಸಲು ಟೇಪ್ ಕ್ಯಾಸೆಟ್ ಅಥವಾ ಫ್ಲಾಪಿ ಬೇಕಿತ್ತು. ಈಗ ಅವು ಬೂಸ್ಟು ಹಿಡಿದಿವೆ. ಆದರೆ ಕೆಳಗಿರುವ 'ಯೂಸರ್ ಪೋರ್ಟ್' ಎಂಬ 20 ಪಿನ್ನಿನ ಸಾಕೆಟ್ಟಿಗೆ ಇವತ್ತಿನ ಎಸ್‌ಡಿ ಕಾರ್ಡ್ ಜೋಡಿಸಬಹುದು. ಅದನ್ನು ಓದುವ ಸಾಫ್ಟ್‌ವೇರನ್ನು ಹವ್ಯಾಸಿಗಳೇ ಬರೆದು ಉಚಿತವಾಗಿ ಕೊಟ್ಟಿದ್ದಾರೆ. ಅದನ್ನು ಒಂದು ಚಿಪ್ಪಿನಲ್ಲಿ ತುಂಬಿ ಒಳಗಿನ ಖಾಲಿ ಸಾಕೆಟ್ಟಿಗೆ ಕೂರಿಸಿದರೆ ಆಯಿತು. ಉಗುರಿನಷ್ಟು ಕಾರ್ಡಿನಲ್ಲಿ 511 ಫ್ಲಾಪಿಗಳ ಸರಕು ಕೂರುತ್ತದೆ.

ಇಲ್ಲೇ ನಾನು ಎಡವಿದ್ದು. ಹಳೇ ಯಂತ್ರ 5 ವೋಲ್ಟಿನದು. ಹೊಸ ಸಾಧನಗಳು 3.3 ವೋಲ್ಟಿನವು. ನಾನು ಅವಸರದಲ್ಲಿ ಯೂಸರ್ ಪೋರ್ಟಿನ ತಂತಿಯನ್ನು ನೇರ ತಂದು ಒಂದು ರಾಸ್ಪ್‌ಬೆರಿ ಪೈ ಬೋರ್ಡಿಗೆ ಚುಚ್ಚಿದೆ. ಬೋರ್ಡು ಸತ್ತೇ ಹೋಯಿತು. ತಿಂಗಳುಗಟ್ಟಲೆ ಉಳಿಸಿದ ದುಡ್ಡು ಒಂದು ಕ್ಷಣದಲ್ಲಿ ಹೋಯಿತು. ಬಿ.ಎಸ್ಸಿ. ಮಾಡಿದವನು ನಾನು, ಹತ್ತನೇ ತರಗತಿ ಪಾಠ ಮರೆತಿದ್ದೆ!

ಯಾವ ಪಾಠ? ಸರಣಿ ಜೋಡಣೆ. ಒಂದು ಕಿಲೋ ಓಮ್‌ನ ಮೂರು ರೋಧಕಗಳನ್ನು ಸರಣಿಯಲ್ಲಿ ಜೋಡಿಸಿ, ಒಂದು ತುದಿಗೆ 5 ವೋಲ್ಟ್ ಸಂಕೇತ, ಇನ್ನೊಂದು ತುದಿಗೆ ಸೊನ್ನೆ ವೋಲ್ಟಿನ ತಂತಿ ಕೊಡಿ. ಮೂರೂ ಸಮ, ಆದ್ದರಿಂದ ಒಂದೊಂದರ ಪಾಲು ಸುಮಾರು 1.67 ವೋಲ್ಟ್. ಸೊನ್ನೆಯ ಕಡೆಯಿಂದ ಎರಡು ರೋಧಕ ಎಣಿಸಿ ಅಲ್ಲಿಂದ ತಂತಿ ಎಳೆದರೆ 3.33 ವೋಲ್ಟ್. ಕಾರ್ಡಿಗೆ ಹೋಗುವ ಪ್ರತಿ ಸಂಕೇತಕ್ಕೂ ಇಷ್ಟು ಸಾಕು. ಕಾರ್ಡಿನಿಂದ ಬರುವ 3.3 ವೋಲ್ಟನ್ನು ಹಳೇ ಚಿಪ್ಪು ಹಾಗೇ ಒಪ್ಪಿಕೊಳ್ಳುತ್ತದೆ, ಯಾಕೆಂದರೆ ಸುಮಾರು 2.4 ವೋಲ್ಟ್ ದಾಟಿದ್ದೆಲ್ಲ ಅದಕ್ಕೆ '1'.

ಆದರೆ ಕಾರ್ಡಿಗೆ ಬೇಕಾದ ವಿದ್ಯುತ್ತನ್ನೇ ಈ ರೋಧಕಗಳಿಂದ ಕೊಡಲು ಹೋಗಬೇಡಿ. ಕಾರ್ಡ್ ಹೆಚ್ಚು ಪ್ರವಾಹ ಎಳೆದ ಕೂಡಲೇ ವೋಲ್ಟೇಜ್ ಕುಸಿಯುತ್ತದೆ. ಅದಕ್ಕೆ ಪ್ರತ್ಯೇಕ ರೆಗ್ಯುಲೇಟರ್ ಬೇಕು. ಯಾಕೆ ಅಂತ ಓಮ್‌ನ ನಿಯಮ ಬಳಸಿ ನೀವೇ ಲೆಕ್ಕ ಹಾಕಿ ನೋಡಿ. ಪರೀಕ್ಷೆಗೆ ಬಾಯಿಪಾಠ ಮಾಡಿದ ಸೂತ್ರ ಆಗ ಕೈಗೆ ಹತ್ತುತ್ತದೆ.

ಇನ್ನೊಂದು ಬಾಗಿಲಿನ ಹೆಸರು 'ಟ್ಯೂಬ್'. ಎರಡನೇ ಪ್ರೊಸೆಸರ್ ಜೋಡಿಸಲೆಂದೇ ಬಿಟ್ಟ 40 ಪಿನ್ನಿನ ಸಾಕೆಟ್. ಸೋಫಿ ವಿಲ್ಸನ್, ಸ್ಟೀವ್ ಫರ್ಬರ್ ಮತ್ತು ಜೊತೆಗಾರರು 1985ರ ಏಪ್ರಿಲ್‌ನಲ್ಲಿ ಮೊಟ್ಟಮೊದಲ ಆರ್ಮ್ ಪ್ರೊಸೆಸರನ್ನು ಓಡಿಸಿ ನೋಡಿದ್ದು ಬಿಬಿಸಿ ಮೈಕ್ರೋಗೆ ಜೋಡಿಸಿಯೇ. ಇವತ್ತು ನಿಮ್ಮ ಮನೆಯ ಫೋನಿನಲ್ಲಿರುವುದು ಆ ಆರ್ಮ್‌ನ ಸಂತತಿ. ರಾಸ್ಪ್‌ಬೆರಿ ಪೈಯಲ್ಲಿರುವುದೂ ಅದೇ. ಈಗ ಹವ್ಯಾಸಿಗಳು ಆ ಪೈಯನ್ನೇ ತಂದು ಟ್ಯೂಬ್ ಸಾಕೆಟ್ಟಿಗೆ ಜೋಡಿಸುತ್ತಾರೆ. ಅಲ್ಲಿ ಸಂಕೇತಗಳು ಬಲು ವೇಗ, ರೋಧಕ ಸಾಲದು, ವೋಲ್ಟೇಜ್ ಬದಲಿಸುವ ಚಿಪ್ಪೇ ಬೇಕು. ಮೊಮ್ಮಗಳು ಅಜ್ಜಿಯ ಮನೆಗೆ ಬಂದು ಕೆಲಸಕ್ಕೆ ಕೈಜೋಡಿಸಿದ ಹಾಗೆ ಅದು.

ಕೆಲವರು ಬೇರೆ ದಾರಿ ಹಿಡಿಯುತ್ತಾರೆ. ಹಳೇ ಬೋರ್ಡನ್ನು ಕಿತ್ತು ಬಿಸಾಡಿ, ಖಾಲಿ ಡಬ್ಬಿಯಲ್ಲಿ ಹೊಸ ಬೋರ್ಡ್ ಕೂರಿಸುತ್ತಾರೆ. ಅದು ಸುಲಭ, ನೋಡೋಕೂ ಚೆಂದ. ಕೆಟ್ಟು ಕೆರ ಹಿಡಿದ ಬೋರ್ಡಾದರೆ ನಾನೂ ಬೇಡ ಅನ್ನಲ್ಲ. ಆದರೆ ನಡೆಯುವ ಯಂತ್ರದ ಹೊಟ್ಟೆ ಬಗೆದರೆ ಕಲಿಯೋಕೆ ಏನೂ ಉಳಿಯಲ್ಲ. ಹೊಸದನ್ನು ಹಳೆಯದರ ಜೊತೆ ಮಾತಾಡಿಸಬೇಕಾದರೆ ಎರಡರ ಭಾಷೆಯೂ ಗೊತ್ತಿರಬೇಕು. ಗಡಿಯಲ್ಲಿ ಬೆಳೆದ ನಿಮಗೆ ಇದನ್ನು ನಾನು ಬಿಡಿಸಿ ಹೇಳಬೇಕಾ? ಮನೇಲಿ ಕನ್ನಡ, ಬಸ್‌ಸ್ಟ್ಯಾಂಡಿನಲ್ಲಿ ತೆಲುಗು. ಎರಡಕ್ಕೂ ಸೇತುವೆ ಆಗೋದು ನಿಮಗೆ ದಿನದ ಕೆಲಸ. ನನ್ನ ನಿಯಮ ಇಷ್ಟು: ಏನು ಜೋಡಿಸಿದರೂ ನಾಳೆ ಬಿಚ್ಚಿ ಮೊದಲಿನಂತೆ ಇಡುವ ಹಾಗಿರಲಿ.

ಒಂದು ಎಚ್ಚರಿಕೆ. ಇಂಥ ಯಂತ್ರ ಸಿಕ್ಕ ಕೂಡಲೇ ಪ್ಲಗ್ ಚುಚ್ಚಬೇಡಿ. ಅದರ ಪವರ್ ಸಪ್ಲೈಯೊಳಗಿನ ಹಳೇ ಕೆಪಾಸಿಟರ್‌ಗಳು ವಯಸ್ಸಾಗಿ ಬಿರುಕು ಬಿಟ್ಟಿರುತ್ತವೆ, ಹೊಗೆ ಉಗುಳುತ್ತವೆ. 230 ವೋಲ್ಟ್ ಇರುವ ಆ ಪೆಟ್ಟಿಗೆಯನ್ನು ನೀವು ಬಿಚ್ಚಲೇಬಾರದು. ನಾನೂ ಅನುಭವಸ್ಥ ಮೆಕ್ಯಾನಿಕ್ ಕೈಯಲ್ಲೇ ಬದಲಾಯಿಸಿದ್ದು.

"ಕನ್ನಡ ಮೀಡಿಯಂನವರು ನಾವು, ಕಂಪ್ಯೂಟರ್ ನಮಗೆಲ್ಲಿ ಬರುತ್ತೆ" ಅನ್ನೋ ಮಾತು ಕೋಸಿಗಿಯಲ್ಲಿ, ಹೊಳಗುಂದದಲ್ಲಿ, ಆದೋನಿಯಲ್ಲಿ ನಾನು ಕೇಳಿದ್ದೇನೆ. ಬಿಬಿಸಿ ಮೈಕ್ರೋಗೂ ಕನ್ನಡ ಬರುತ್ತಿರಲಿಲ್ಲ. ಆದರೆ 8 ಸಾಲು, 8 ಕಂಬದ ಚೌಕದಲ್ಲಿ ಹೊಸ ಅಕ್ಷರ ಬರೆದು ಕಲಿಸಿದರೆ ಅದು ಕಲಿಯುತ್ತದೆ. ಎಡದಿಂದ 128, 64, 32, 16, 8, 4, 2, 1 ಎಂದು ಬೆಲೆ ಕೊಟ್ಟು, ತುಂಬಿದ ಮನೆಗಳನ್ನು ಕೂಡಿಸಿದರೆ ಸಾಲಿಗೊಂದು ಸಂಖ್ಯೆ. ಎಂಟು ಸಂಖ್ಯೆ ಕೊಟ್ಟರೆ ಒಂದು ಅಕ್ಷರ.

ಇದಕ್ಕೆ ಕಂಪ್ಯೂಟರ್ ಬೇಡ, ಚೌಕಳಿ ಹಾಳೆ ಸಾಕು. 'ಅ' ಬರೆದು ಎಂಟು ಸಂಖ್ಯೆ ತೆಗೆದು ನಿಮ್ಮ ವಿಜ್ಞಾನ ಶಿಕ್ಷಕರಿಗೆ ತೋರಿಸಿ. ಹಾಗೇ ಶಾಲೆಯ ಬೀರುವಿನಲ್ಲಿ ಹಳೇ ಯಂತ್ರ ಇದ್ದರೆ, ಗುಜರಿಗೆ ಹಾಕುವ ಮೊದಲು ಅದರ ಹೆಸರು, ಹಿಂದಿನ ಸಾಕೆಟ್‌ಗಳು, ಪಿನ್ನುಗಳ ಲೆಕ್ಕ ಬರೆದಿಡಿ. ಯಾವ ಬಾಗಿಲು ಇನ್ನೂ ತೆರೆದಿದೆ, ನೋಡೋಣ.