ಹತ್ತು ವರ್ಷ ಮುಟ್ಟಬೇಡಿ

ನ್ಯಾಮತಿಯ ನಮ್ಮ ಮನೆಯ ತಲಬಾಗಿಲು ತೇಗದ್ದು. ಎರಡು ಕದ, ಚೌಕಟ್ಟಿನ ಮೇಲೆ ಎರಡು ಗಿಣಿ, ನಡುವೆ ಕಮಲ. ಅಜ್ಜನ ಅಪ್ಪ ಮಾಡಿಸಿದ್ದು. ಮೂರು ವರ್ಷದ ಹಿಂದೆ ಹಳೆಯ ಜಗಲಿ ಕೆಡವಿ ಮುಂದೊಂದು ಆರ್‌ಸಿಸಿ ಕೋಣೆ ಎಬ್ಬಿಸಿದಾಗ ಆ ಬಾಗಿಲನ್ನು ಬಿಚ್ಚಿ ಹೊಸ ಗೋಡೆಗೆ ಕೂರಿಸಿದರು. ಪಾಲಿಶ್‌ನವರು ಬಂದು ಎರಡು ದಿನ ಮಷೀನಿನಲ್ಲಿ ಉಜ್ಜಿ, ಎರಡು ಕೋಟ್ ವಾರ್ನಿಶ್ ಹೊಡೆದು, ಅಪ್ಪನಿಗೆ ಹೇಳಿದರು: “ಹತ್ತು ವರ್ಷ ಇದನ್ನ ಮುಟ್ಟಂಗಿಲ್ಲ ನೋಡ್ರಿ ಯಜಮಾನ್ರೆ.”

ಎರಡನೇ ಮಳೆಗಾಲಕ್ಕೆ ಈರುಳ್ಳಿ ಸಿಪ್ಪೆಯ ಹಾಗೆ ಅದು ಏಳತೊಡಗಿತು. ಮತ್ತೆ ಮಷೀನು, ಮತ್ತೆ ಉಜ್ಜು, ಮತ್ತೆ ಎರಡು ಕೋಟು. ಈಗ ಆ ಗಿಣಿಗಳಿಗೆ ಕೊಕ್ಕಿಲ್ಲ. ಗೊತ್ತಿಲ್ಲದವರು ನೋಡಿದರೆ ಪಾರಿವಾಳ ಅಂದುಕೊಳ್ಳಬೇಕು. ಮಳೆ, ಬಿಸಿಲು, ಗೆದ್ದಲು ನೂರು ವರ್ಷದಲ್ಲಿ ಮಾಡಲಾಗದ್ದನ್ನು ಎರಡು ಸಲದ ಪಾಲಿಶ್ ಮಾಡಿ ಮುಗಿಸಿತು.

ಹಾಗಾಗಿ ಹೊರಗಿನ ತೇಗಕ್ಕೆ ಬಾಳಿಕೆ ಬರುವ ಲೇಪನ ಯಾವುದು ಎಂದು ಯಾರಾದರೂ ಕೇಳಿದರೆ ನನಗೆ ಮೊದಲು ಸಿಟ್ಟು ಬರುತ್ತದೆ. ಅಂಗಡಿಯವನು ಡಬ್ಬಿಯ ಮೇಲಿನ ವರ್ಷ ಎಣಿಸುತ್ತಾನೆ, ನಾವೂ ಅದನ್ನೇ ಎಣಿಸುತ್ತೇವೆ. ಕೇಳಬೇಕಾದದ್ದು ಬೇರೆ: ಈ ಲೇಪನ ಹಾಳಾದ ದಿನ ಮರವನ್ನು ಕೆರೆಯದೆ ಅದನ್ನು ಮತ್ತೆ ಹಚ್ಚಲು ಆಗುತ್ತದೆಯೋ ಇಲ್ಲವೋ? ಯಾಕೆಂದರೆ ಹೊರಗೆ ನಿಂತ ಮರದ ಮೇಲೆ ಹಾಳಾಗದ ಲೇಪನವೆಂಬುದೇ ಇಲ್ಲ.

ಕಾರಣ ಸರಳ. ವಾರ್ನಿಶ್ ಎಂದರೆ ಮರದ ಮೇಲೆ ಕೂರುವ ಪಾರದರ್ಶಕ ಪದರ. ಮರ ಕಾಣಲಿ ಎಂದೇ ಅದನ್ನು ಹಚ್ಚುವುದು. ಮರ ನಮಗೆ ಕಂಡರೆ ಬಿಸಿಲಿಗೂ ಕಂಡಂತೆ. ಬಿಸಿಲಿನ ನೇರಳಾತೀತ ಕಿರಣ ಪದರವನ್ನು ದಾಟಿ, ನಾರುಗಳನ್ನು ಹಿಡಿದಿಟ್ಟ ಲಿಗ್ನಿನ್ ಎಂಬ ಅಂಟನ್ನು ಒಡೆಯುತ್ತದೆ. ಕೆಳಗಿನ ನಾರು ಸಡಿಲಾದ ಮೇಲೆ ಮೇಲಿನ ಪದರ ಎಷ್ಟು ಗಟ್ಟಿಯಿದ್ದರೇನು? ಮಳೆಗಾಲದಲ್ಲಿ ಮರ ಹಿಗ್ಗುತ್ತದೆ, ಬೇಸಿಗೆಯಲ್ಲಿ ಕುಗ್ಗುತ್ತದೆ. ಗಡುಸಾದ ಪದರ ಅದರ ಜೊತೆ ಆಡದೆ ಕೂದಲೆಳೆಯಷ್ಟು ಬಿರುಕು ಬಿಡುತ್ತದೆ. ಅಲ್ಲಿಂದ ಒಳಹೋದ ನೀರು ಬೇಗ ಹೊರಬರಲಾರದೆ ಮರವನ್ನು ಕಪ್ಪು ಮಾಡುತ್ತದೆ. ಸಾಲದ್ದಕ್ಕೆ ತೇಗದ ಒಡಲಲ್ಲೇ ಎಣ್ಣೆಯಂಶವಿದೆ. ಮೇಲೆ ಹಚ್ಚಿದ್ದು ಸರಿಯಾಗಿ ಅಂಟಲು, ಒಣಗಲು ಅದು ಬಿಡುವುದಿಲ್ಲ. ಹಚ್ಚುವ ಮುಂಚೆ ಥಿನ್ನರ್ ಬಟ್ಟೆಯಲ್ಲಿ ಮರವನ್ನು ಒರೆಸಬೇಕು. ನಮ್ಮ ಮನೆಗೆ ಬಂದವರು ಒರೆಸಲಿಲ್ಲ. ಬಾಗಿಲಿನ ತಳದ ಅಂಚಿಗಂತೂ ಒಂದು ಹನಿಯನ್ನೂ ಮುಟ್ಟಿಸಲಿಲ್ಲ. ನಾರಿನ ಬಾಯಿ ತೆರೆದಿರುವುದೇ ಅಲ್ಲಿ. ಬಾಗಿಲು ನೀರು ಕುಡಿಯುವುದು ಅಲ್ಲಿಂದಲೇ.

ಹೊನ್ನಾಳಿಯ ಒಂದು ಹಾರ್ಡ್‌ವೇರ್ ಅಂಗಡಿಯಲ್ಲಿ ನನಗೆ ತೋರಿಸಿದ ಡಬ್ಬಿಯ ಮೇಲೆ ‘ಮರೀನ್’ ಎಂದಿತ್ತು. ಹಡಗಿಗೇ ಹಾಕುತ್ತಾರೆ, ನಿಮ್ಮ ಬಾಗಿಲು ಯಾವ ಲೆಕ್ಕ ಎಂಬ ಮಾತು ಬೇರೆ. ಅಂಗಡಿಯಿಂದ ನಾಲ್ಕು ಹೆಜ್ಜೆ ಹಾಕಿದರೆ ತುಂಗಭದ್ರೆ. ಆ ನದಿಗೆ ಹಡಗಿನ ಪರಿಚಯವಿಲ್ಲ, ಅದಕ್ಕೆ ಗೊತ್ತಿರುವುದು ಹರಿಗೋಲು. ಇರಲಿ, ಹಡಗಿನ ಮಾತೇ ಆಡೋಣ. ಹಾಯಿದೋಣಿಯ ಕಂಬಕ್ಕೆಂದು ಹುಟ್ಟಿದ ವಾರ್ನಿಶ್‌ನಲ್ಲಿ ಎಣ್ಣೆಯ ಪಾಲು ಹೆಚ್ಚು, ಯಾಕೆಂದರೆ ಕಂಬ ಗಾಳಿಗೆ ಬಾಗುತ್ತದೆ, ಪದರವೂ ಬಾಗಬೇಕು. ಅದನ್ನು ಆರೇಳು ಕೋಟ್ ಹಚ್ಚಿ, ಪ್ರತಿವರ್ಷ ಒಂದೋ ಎರಡೋ ಮೇಲುಕೋಟ್ ಕೊಡುತ್ತಾರೆ. ಹತ್ತು ವರ್ಷ ಮುಟ್ಟಬೇಡಿ ಎಂದು ಯಾವ ನಾವಿಕನೂ ಹೇಳುವುದಿಲ್ಲ. ಇನ್ನು ಹಡಗಿನ ತೇಗದ ಅಟ್ಟಕ್ಕೆ ಅವರು ಏನೂ ಹಚ್ಚುತ್ತಿರಲಿಲ್ಲ. ಮರಳು, ಕಲ್ಲು, ಸಮುದ್ರದ ನೀರು ಹಾಕಿ ತಿಕ್ಕುತ್ತಿದ್ದರು, ಅಷ್ಟೇ. ಮುಂಬೈಯಲ್ಲಿ 1817ರಲ್ಲಿ ತೇಗದಲ್ಲಿ ಕಟ್ಟಿದ ‘ಟ್ರಿಂಕೊಮಲಿ’ ಎಂಬ ಹಡಗು ಇಂಗ್ಲೆಂಡಿನ ಹಾರ್ಟಲ್‌ಪೂಲಿನಲ್ಲಿ ಇವತ್ತಿಗೂ ನೀರಿನ ಮೇಲಿದೆ. ಅದು ದೊಡ್ಡ ರಿಪೇರಿಗಳನ್ನೇ ಕಂಡಿದೆ, ಮುಟ್ಟದೆ ಬಿಟ್ಟಿದ್ದಕ್ಕೆ ಉಳಿದದ್ದಲ್ಲ.

ಇಷ್ಟು ಹೇಳಿದ ಕೂಡಲೇ ಇಂಥ ಪತ್ರಿಕೆ ಓದುವ ನನ್ನ ಗೆಳೆಯರು ಖುಷಿಯಾಗುತ್ತಾರೆ. ನೋಡಿ, ಹಿಂದಿನವರೇ ಸರಿ, ನಮ್ಮಜ್ಜಿ ಬಾಗಿಲಿಗೆ ಎಣ್ಣೆ ಸವರುತ್ತಿದ್ದಳು ಎಂದು ಶುರುಮಾಡುತ್ತಾರೆ. ಅವರ ಜೊತೆಗೂ ನನ್ನ ಜಗಳವಿದೆ. ತೊಟ್ಟಿಮನೆಯ ಬಾಗಿಲಿನ ಬಗ್ಗೆ ಕನ್ನಡದಲ್ಲಿ ಪುಟಗಟ್ಟಲೆ ಹಂಬಲ ಬರೆದವರಿದ್ದೇವೆ. ಸವರಿದ್ದು ಯಾವ ಎಣ್ಣೆ ಎಂದು ಕೇಳಿ, ಉತ್ತರ ಬರುವುದಿಲ್ಲ. ಹರಳೆಣ್ಣೆ ಒಣಗುವ ಎಣ್ಣೆಯಲ್ಲ. ಹೊಂಗೆ, ಬೇವೂ ಅಷ್ಟೇ. ಹಚ್ಚಿದ ದಿನ ಮಿರಿಮಿರಿ, ವಾರ ಕಳೆದರೆ ಧೂಳು ಕುಡಿದು ಜಿಡ್ಡು. ನಮ್ಮಜ್ಜಿಯ ಬಾಗಿಲೂ ಕೈ ಅಂಟುತ್ತಿತ್ತು, ಮುಚ್ಚಿಡುವುದೇಕೆ? ಗಾಳಿಯ ಆಮ್ಲಜನಕ ಹೀರಿ ಗಟ್ಟಿಯಾಗುವುದು ಅಗಸೆ ಎಣ್ಣೆ. ಅದಕ್ಕೂ ಮಳೆಯಲ್ಲಿ ಬೂಸ್ಟು ಹಿಡಿಯುತ್ತದೆ, ಕಪ್ಪಾಗುತ್ತದೆ. ಆದರೆ ಅದು ಸಿಪ್ಪೆಯೇಳುವುದಿಲ್ಲ. ತೊಳೆದು, ಒಣಗಿಸಿ, ಮೇಲೆ ಮತ್ತೊಂದು ಕೈ ಹಚ್ಚಬಹುದು. ಕೊಕ್ಕು ಉಳಿಯುತ್ತದೆ.

ಹಾಗಾದರೆ ಅಜ್ಜಿಯ ಬಾಗಿಲು ಉಳಿದದ್ದು ಹೇಗೆ? ಮೂರೂವರೆ ಅಡಿ ಮುಂದೆ ಚಾಚಿದ ಮಾಡಿನಿಂದ. ಜಗಲಿಯ ಮಾಡು ಬಾಗಿಲಿಗೆ ಮಳೆ ತಾಕಲು ಬಿಟ್ಟಿರಲಿಲ್ಲ, ಮಧ್ಯಾಹ್ನದ ಬಿಸಿಲನ್ನೂ ಬಿಟ್ಟಿರಲಿಲ್ಲ. ಎಣ್ಣೆಯ ಪಾಲು ಅಲ್ಲಿ ಅಲ್ಪ. ನಾವು ಮಾಡನ್ನು ಕೆಡವಿ, ಒಂದೂವರೆ ಅಡಿಯ ಸಜ್ಜ ಎಳೆದು, ಬಾಗಿಲನ್ನು ಬಿಸಿಲಿಗೆ ಒಡ್ಡಿ, ಆ ಎರಡಡಿಯ ನೆರಳನ್ನು ಡಬ್ಬಿಯಲ್ಲಿ ಕೊಳ್ಳಲು ಅಂಗಡಿಗೆ ಹೋದೆವು.

ಜಾತ್ರೆಗಳ ಬಗ್ಗೆ ಪಿಎಚ್‌ಡಿ ಮಾಡುತ್ತಿರುವುದರಿಂದ ತೇರುಗಳ ಹಿಂದೆ ಅಲೆಯುವುದು ನನ್ನ ಕೆಲಸ. ಚನ್ನಗಿರಿ ಸೀಮೆಯ ಒಂದು ಹಳ್ಳಿಯಲ್ಲಿ ತೇರಿಗೆ ಎತ್ತರದ ತೇರಿನ ಮನೆಯಿದೆ. ಜಾತ್ರೆ ಮುಗಿದ ಮಾರನೆಯ ದಿನ ಒಳಗೆ ತಳ್ಳಿ ಬಾಗಿಲು ಹಾಕುತ್ತಾರೆ. ಬಣ್ಣ ಎಂದೋ ಮಾಸಿದೆ, ಮರದಲ್ಲಿ ಉಗುರು ಇಳಿಯುವುದಿಲ್ಲ. ಜಗಳೂರಿನ ಕಡೆ ಇನ್ನೊಂದು ಊರಿನ ತೇರು ವರ್ಷವಿಡೀ ಬಯಲಲ್ಲಿ ನಿಲ್ಲುತ್ತದೆ. ಪ್ರತಿ ಜಾತ್ರೆಗೆ ಅದಕ್ಕೆ ಎನಾಮಲ್ ಪೇಂಟು: ಕೆಂಪು, ಹಳದಿ, ನೀಲಿ. ಪದರದ ಮೇಲೆ ಪದರ ಕೂತು ಕೆತ್ತಿದ ಮುಖಗಳು ಊದಿಕೊಂಡಿವೆ, ಕಣ್ಣು ಯಾವುದು ಮೂಗು ಯಾವುದು ತಿಳಿಯದು. ಸಂದಿಯಲ್ಲಿ ಬೆರಳಿಟ್ಟೆ, ಪೇಂಟಿನ ಹಿಂದೆ ಮರ ಪುಡಿಪುಡಿ. ಪೇಂಟಿಗೆ ದಾನಿಗಳ ಹೆಸರು ಬರೆಸುವ ಪದ್ಧತಿಯಿದೆ, ಶೆಡ್ಡಿಗೆ ದಾನಿಗಳು ಸಿಗುತ್ತಿಲ್ಲ ಎಂದರು ಅಲ್ಲಿನ ಹಿರಿಯರೊಬ್ಬರು.

ಈ ಎರಡು ತಾಲ್ಲೂಕುಗಳ ನಡುವೆ ಹವೆಯೇ ಬೇರೆ ಎನ್ನುವುದೂ ಡಬ್ಬಿಗೆ ಗೊತ್ತಿಲ್ಲ. ಜಗಳೂರಿನ ಒಣಬಿಸಿಲಿಗೆ ಬೂಸ್ಟಿನ ಭಯ ಕಡಿಮೆ, ಸೀಳುವ ಭಯ ಹೆಚ್ಚು. ಅಲ್ಲಿ ಎಣ್ಣೆಗೆ ಕಾವಿಪುಡಿ ಬೆರೆಸಿದರೆ ಒಳ್ಳೆಯದು. ಅದರಲ್ಲಿನ ಕಬ್ಬಿಣದ ಬಣ್ಣ ಕಿರಣವನ್ನು ತಡೆಯುತ್ತದೆ. ನ್ಯಾಮತಿಯಲ್ಲಿ ಮಲೆನಾಡಿನ ಮಳೆಯ ಸೆರಗು ತಾಕುತ್ತದೆ. ಇಲ್ಲಿ ದಪ್ಪಗೆ ಎಣ್ಣೆ ಹಚ್ಚಿದವನು ಬೂಸ್ಟಿಗೆ ಊಟ ಬಡಿಸಿದಂತೆ. ಏನೂ ಹಚ್ಚದೆ ಬೂದಿಬಣ್ಣಕ್ಕೆ ತಿರುಗಲು ಬಿಡುವುದೂ ಒಂದು ಆಯ್ಕೆ. ಕೆಚ್ಚು ಮರವಾದರೆ ಮೇಲ್ಮೈ ಮಾತ್ರ ಬೂದಿಯಾಗುತ್ತದೆ, ಒಳಗೆ ಏನೂ ಆಗುವುದಿಲ್ಲ. ಈಗ ಡಿಪೋ ಆಚೆ ಸಿಗುವ ಎಳೆಯ ತೇಗದಲ್ಲಿ ಕೆಚ್ಚಿಗಿಂತ ಹೊರಗಿನ ಬಿಳಿ ಮರವೇ ಜಾಸ್ತಿ, ಅದನ್ನು ಬಣ್ಣ ಹಾಕಿ ಕೆಚ್ಚಿನಂತೆ ಕಾಣಿಸುತ್ತಾರೆ. ಅದಕ್ಕೆ ಈ ಮಾತು ಅನ್ವಯಿಸದು, ಅದನ್ನು ಯಾವ ಲೇಪನವೂ ಕಾಯದು.

ಅಪ್ಪನ ವಾದ ಬೇರೆ. “ವರ್ಷಾ ವರ್ಷಾ ಬಾಗಿಲಿಗೆ ಎಣ್ಣಿ ಹಚ್ಕೋತ ಕೂರೋರ್ಯಾರು? ನೀನಂತೂ ಊರಾಗ ಇರಲ್ಲ.” ಇದಕ್ಕೆ ನನ್ನಲ್ಲಿ ಒಳ್ಳೆಯ ಉತ್ತರವಿಲ್ಲ. ಹತ್ತು ವರ್ಷ ಮುಟ್ಟಬೇಡಿ ಎನ್ನುವ ಡಬ್ಬಿ ಮಾರಾಟವಾಗುವುದು ಮುಟ್ಟುವ ಮಕ್ಕಳು ಬೆಂಗಳೂರಿನಲ್ಲಿರುವುದರಿಂದ ಎಂದು ಅವರಿಗೂ ಗೊತ್ತು, ನನಗೂ ಗೊತ್ತು.

ಆದರೂ ಕೆಲಸ ಎಷ್ಟೆಂದು ಲೆಕ್ಕ ಹಾಕಿದ್ದೇನೆ. ಉಳಿದ ವಾರ್ನಿಶ್ ಅನ್ನು ಮಷೀನಿಲ್ಲದೆ, ರಿಮೂವರ್ ಹಚ್ಚಿ, ಹಲ್ಲುಜ್ಜುವ ಬ್ರಷ್‌ನಲ್ಲಿ ತೆಗೆಯುವುದು, ಅದೊಂದೇ ಕಷ್ಟದ್ದು. ಆಮೇಲೆ ಕಾಯಿಸಿದ ಅಗಸೆ ಎಣ್ಣೆಗೆ ಅಷ್ಟೇ ಟರ್ಪೆಂಟೈನ್ ಬೆರೆಸಿ ತೆಳ್ಳಗೆ ಒಂದು ಕೈ, ತಳದ ಅಂಚಿಗೆ ಎರಡು ಕೈ. ಇಪ್ಪತ್ತು ನಿಮಿಷ ಬಿಟ್ಟು ಮರ ಕುಡಿಯದ್ದನ್ನು ಪೂರ್ತಿ ಒರೆಸಬೇಕು. ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬಾರದು, ತಾನೇ ಕಾದು ಬೆಂಕಿ ಹತ್ತಿಕೊಳ್ಳುತ್ತದೆ, ನೀರಲ್ಲಿ ನೆನೆಸಬೇಕು. ಯುಗಾದಿಯ ರಜೆಯಲ್ಲಿ ಒಂದು ಬೆಳಗಿನ ಕೆಲಸ. ಅದಕ್ಕೂ ಮುಂಚೆ ಸಜ್ಜದ ಕೆಳಗೆ ಮಂಗಳೂರು ಹೆಂಚಿನ ಮಾಡು ಇಳಿಸಬೇಕು. ವೆಲ್ಡಿಂಗಿನವನಿಗೆ ಅಳತೆ ಕೊಟ್ಟು ಬಂದಿದ್ದೇನೆ, ಮೂರೂವರೆ ಅಡಿ. ಅಪ್ಪ ಮೂರು ಸಾಕು ಅನ್ನುತ್ತಿದ್ದಾರೆ.