ಚದರಡಿಗೆ 180 ಅಂದ್ರೆ ಬಿಲ್ಲಿನ ಮೊದಲ ಸಾಲು ಮಾತ್ರ



ಹೋದ ತಿಂಗಳು ಎನ್‌ಆರ್‌ಇ, ಎನ್‌ಆರ್‌ಒ ಖಾತೆಗಳ ಬಗ್ಗೆ ಬರೆದಿದ್ದೆ. ಈ ಸಲ ಬ್ಯಾಂಕ್ ಬಿಟ್ಟು ಅಡುಗೆಮನೆಗೆ ಬರೋಣ. ನಮ್ಮಲ್ಲಿ ಬಹಳ ಜನ ಊರಿನ ಮನೆ ರಿಪೇರಿಗೆ ಇಲ್ಲಿಂದ ದುಡ್ಡು ಕಳಿಸ್ತಾ ಇರ್ತೀವಿ. ಕೆಲಸ ನಾವು ನೋಡೋದು ಫೋನಿನಲ್ಲಿ, ಲೆಕ್ಕ ಹಾಕೋದು ಇಲ್ಲಿನ ರೂಮಿನಲ್ಲಿ ಕೂತು. ಹಾಗೆ ಕೂತು ನಾನು ಮಾಡಿದ ಒಂದು ತಪ್ಪಿನ ಕಥೆ ಇದು.

ಅರಸೀಕೆರೆ ಹತ್ತಿರದ ನಮ್ಮ ಮನೆಯಲ್ಲಿ ಅಡುಗೆ ಕಟ್ಟೆಗೆ ಹಾಕಿದ್ದು ಹಳೇ ಕಡಪ ಕಲ್ಲು. ಹುಣಸೆಹುಳಿ, ನಿಂಬೆರಸ ಬಿದ್ದು ಬಿದ್ದು ಹೊಳಪೆಲ್ಲ ಹೋಗಿ ಬಿಳಿ ಕಲೆ ಉಳಿದಿತ್ತು. ಕಡಪ ಸುಣ್ಣದ ಕಲ್ಲಿನ ಜಾತಿ, ಹುಳಿಗೆ ತಡೆಯೋಲ್ಲ. ಅದನ್ನು ತೆಗೆಸಿ ಗ್ರಾನೈಟ್ ಹಾಕಿಸೋಣ ಅಂತ ತೀರ್ಮಾನವಾಯಿತು. ಓಡಾಡೋ ಜವಾಬ್ದಾರಿ ಭಾವನದು.

ಅಂಗಡಿಯವರು ಹೇಳಿದ ದರ ಚದರಡಿಗೆ 180 ರೂಪಾಯಿ. ನಮ್ಮದು ಎಲ್ ಆಕಾರದ ಕಟ್ಟೆ. ಒಂದು ಗೋಡೆಗೆ 9 ಅಡಿ, ಇನ್ನೊಂದಕ್ಕೆ 7 ಅಡಿ, ಅಗಲ 2 ಅಡಿ. ಮೂಲೆಯನ್ನು ಎರಡು ಸಲ ಎಣಿಸಬಾರದು ಅನ್ನೋದು ನನಗೆ ಗೊತ್ತಲ್ಲ! 9×2 ಅಂದ್ರೆ 18, ಉಳಿದ 5×2 ಅಂದ್ರೆ 10, ಒಟ್ಟು 28 ಚದರಡಿ. 28×180, ಅಂದರೆ 5,040 ರೂಪಾಯಿ. ಕೈಖರ್ಚು ಸೇರಿಸಿ 6,000 ಕಳಿಸಿದೆ.

ಎರಡು ವಾರ ಬಿಟ್ಟು ಭಾವ ಫೋನ್ ಮಾಡಿ "ಇನ್ನೊಂದು 12,000 ಬೇಕಾಗ್ತದೆ" ಅಂದರು. ನನಗೆ ತಲೆ ಬಿಸಿಯಾಯಿತು. "ಭಾವ, ಐದು ಸಾವಿರದ ಕಲ್ಲಿಗೆ ಹದಿನೆಂಟು ಸಾವಿರ ಹೇಗಾಗ್ತದೆ? ನಾನೂ ಲೆಕ್ಕ ಬರೆಯೋನೇ" ಅಂದುಬಿಟ್ಟೆ. ಆ ಕಡೆಯಿಂದ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, "ಬಿಲ್ ಎಲ್ಲ ಇಟ್ಟಿದೀನಿ, ಕಳಿಸ್ತೀನಿ. ನೋಡ್ಕೊ" ಅಂತ ಇಟ್ಟರು. ರಾತ್ರಿ ಅಕ್ಕನ ಫೋನ್. "ಬಿಸಿಲಲ್ಲಿ ನಾಲ್ಕು ಅಂಗಡಿ ತಿರುಗಿದಾರೆ ಕಣೋ. ನೀನು ಹಾಗೆ ಕೇಳಬಾರದಿತ್ತು."

ಬಿಲ್‌ಗಳು ಬಂದವು. ಒಂದೊಂದೇ ಸಾಲು ನೋಡಿದೆ.

ಅಂಗಡಿಯಲ್ಲಿ ಕಲ್ಲನ್ನು ನಮ್ಮ ಕಟ್ಟೆಯ ಅಳತೆಗೆ ಮಾರೋಲ್ಲ, ಇಡೀ ಹಾಳೆ ಲೆಕ್ಕದಲ್ಲಿ ಮಾರ್ತಾರೆ. ಸಿಕ್ಕಿದ್ದು 9×3 ಅಡಿಯ ಹಾಳೆ. ಕಟ್ಟೆಗೆ ಎರಡು ಬೇಕು, ಅಂದರೆ 54 ಚದರಡಿ. ಕಲ್ಲಿಗೆ 9,720 ರೂಪಾಯಿ. ಅದರ ಮೇಲೆ ಶೇಕಡಾ 18 ಜಿಎಸ್‌ಟಿ ಸೇರಿ ಸುಮಾರು 11,470. ಹೊರಗೆ ಕಾಣುವ ಅಂಚನ್ನು ಉರುಟು ಮಾಡಿ ಪಾಲಿಶ್ ಹಾಕೋದು ಉದ್ದದ ಅಡಿ ಲೆಕ್ಕ. 14 ಅಡಿಗೆ ನೂರರಂತೆ 1,400. ಸಿಂಕ್‌ಗೆ ತೂತು ಕೊಯ್ಯಲು 800. ಗಾಡಿ ಬಾಡಿಗೆ, ಇಳಿಸುವ ಕೂಲಿ 1,500. ಕೂರಿಸುವ ಕೂಲಿ ಚದರಡಿಗೆ 90ರಂತೆ 2,520. ಒಟ್ಟು 17,690.

ಇಳಿಸೋದಕ್ಕೆ ಅಷ್ಟು ಯಾಕೆ ಅನ್ನಿಸಿತು. 18 ಎಂಎಂ ದಪ್ಪದ ಗ್ರಾನೈಟ್ ಚದರಡಿಗೆ ಹೆಚ್ಚು ಕಡಿಮೆ ನಾಲ್ಕೂವರೆ ಕಿಲೋ ತೂಗುತ್ತದೆ. ಒಂದು ಹಾಳೆಯೇ 120 ಕಿಲೋ. ಇಬ್ಬರಿಂದ ಆಗೋ ಕೆಲಸ ಅಲ್ಲ.

ಹಾಗಾದರೆ ಉಳಿದ 26 ಚದರಡಿ ಕಲ್ಲು ಎಲ್ಲಿ ಹೋಯಿತು? ಅದನ್ನೂ ಕೇಳೋಣ ಅಂತಿದ್ದೆ, ಅಷ್ಟರಲ್ಲಿ ಅಮ್ಮ ವಿಡಿಯೋ ಕಾಲ್ ಮಾಡಿ ತೋರಿಸಿದರು. 4×2 ಅಡಿಯ ತುಂಡು ಹಿತ್ತಿಲಲ್ಲಿ ಪಾತ್ರೆ ತೊಳೆಯೋ ಕಟ್ಟೆಯಾಗಿದೆ. ಒಂದಡಿ ಅಗಲದ ಎರಡು ಪಟ್ಟಿಗಳು ಅಡುಗೆಮನೆಯ ಕಿಟಕಿಗೂ ಗೋಡೆಯ ಶೆಲ್ಫಿಗೂ ಕೂತಿವೆ. ಭಾವ ಒಂದು ತುಂಡನ್ನೂ ಬಿಟ್ಟಿರಲಿಲ್ಲ.

ಈಗ ನನ್ನ ಕಟ್ಟೆಯ ನಿಜವಾದ ದರ ನೋಡಿ. 17,690 ಭಾಗಿಸು 28, ಅಂದರೆ ಚದರಡಿಗೆ ಸುಮಾರು 632 ರೂಪಾಯಿ. ನಾನು ಹಿಡಿದು ಕೂತಿದ್ದ 180 ಸುಳ್ಳಲ್ಲ, ಆದರೆ ಅದು ಬಿಲ್ಲಿನ ಮೊದಲ ಸಾಲು ಮಾತ್ರ. ಆಫೀಸಿನಲ್ಲಿ ಯಾರಾದರೂ ಬರೀ ಮಾಲಿನ ಬೆಲೆ ಹಾಕಿ ಸಾಗಣೆ, ತೆರಿಗೆ, ಕೂಲಿ ಬಿಟ್ಟರೆ ನಾನೇ ವಾಪಸ್ ಕಳಿಸ್ತೀನಿ. ಮನೆ ವಿಷಯದಲ್ಲಿ ಬಿಕಾಂ ಓದಿದ ನಾನೇ ಅದೇ ತಪ್ಪು ಮಾಡಿದೆ.

ಹಾಗಾಗಿ ದುಡ್ಡು ಕಳಿಸುವ ಮುಂಚೆ ಅಂಗಡಿಯವರಿಂದ ಒಂದು ಹಾಳೆಯಲ್ಲಿ ಇಷ್ಟನ್ನು ಬರೆಸಿಕೊಳ್ಳಿ:

1. ದರ ಹಾಳೆಯ ಅಳತೆಗೋ, ಕೂರಿಸಿದ ಕಟ್ಟೆಯ ಅಳತೆಗೋ?
2. ಎಷ್ಟು ಹಾಳೆ, ದಪ್ಪ ಎಷ್ಟು ಎಂಎಂ?
3. ಜಿಎಸ್‌ಟಿ ಸೇರಿದೆಯೋ, ಬೇರೆಯೋ?
4. ಅಂಚಿನ ಪಾಲಿಶ್ ಉದ್ದದ ಅಡಿಗೆ ಎಷ್ಟು? ಸಿಂಕ್, ಒಲೆಗೆ ಕೊಯ್ಯೋದಕ್ಕೆ ಎಷ್ಟು?
5. ಸಾಗಣೆ, ಇಳಿಸುವುದು, ಕೂರಿಸುವುದು ಯಾರ ಖರ್ಚು? ದಾರಿಯಲ್ಲಿ ಒಡೆದರೆ ಯಾರ ಹೊಣೆ?
6. ಉಳಿದ ತುಂಡು ಯಾರಿಗೆ?

ಎರಡು ಅಂಗಡಿಯಿಂದ ಇದೇ ರೀತಿ ಬರೆಸಿ ಒಟ್ಟು ಮೊತ್ತ ಹೋಲಿಸಿ. ಚದರಡಿ ದರ ಕಡಿಮೆ ಇರುವವರ ಒಟ್ಟು ಮೊತ್ತ ಜಾಸ್ತಿ ಇರಬಹುದು. ಹಾಳೆಯ ಅಗಲ ಕೇಳೋದನ್ನೂ ಮರೀಬೇಡಿ. ಎರಡಡಿ ಚಿಲ್ಲರೆ ಅಗಲದ ಹಾಳೆ ಸಿಕ್ಕಿದರೆ ವೇಸ್ಟ್ ಬಹಳ ಕಡಿಮೆಯಾಗುತ್ತದೆ.

ಇನ್ನು ಕಲ್ಲಿನ ಆಯ್ಕೆ. ನಮ್ಮ ರಾಜ್ಯದಲ್ಲಿ ಕಲ್ಲಿಗೇನು ಬರಗಾಲ? ಇಳಕಲ್ಲಿನ ಕೆಂಪು, ಚಾಮರಾಜನಗರದ ಕಪ್ಪು ಹೊರದೇಶಗಳಲ್ಲೂ ಹೆಸರು ಮಾಡಿವೆ. ಬೆಂಗಳೂರಿನ ಹತ್ತಿರದವರು ಜಿಗಣಿ ಕಡೆ ಹೋದರೆ ಸಾಲು ಸಾಲು ಗ್ರಾನೈಟ್ ಅಂಗಡಿಗಳಿವೆ. ಆದರೆ ಕಪ್ಪು ಕಲ್ಲಿಗೆ ಬೆಲೆ ಜಾಸ್ತಿ ಇರೋದರಿಂದ, ಬೂದು ಕಲ್ಲಿಗೆ ಬಣ್ಣ ಹಾಕಿ ಕಪ್ಪು ಅಂತ ಮಾರೋರೂ ಇದ್ದಾರೆ. ಬಿಳಿ ಬಟ್ಟೆಗೆ ಉಗುರುಬಣ್ಣ ತೆಗೆಯೋ ಅಸಿಟೋನ್ ಹಚ್ಚಿ ಉಜ್ಜಿ ನೋಡಿ. ಬಟ್ಟೆ ಕಪ್ಪಾದರೆ ಆ ಅಂಗಡಿಗೆ ಕೈ ಮುಗೀರಿ. ಒಂದು ತುಂಡಿನ ಮೇಲೆ ನಿಂಬೆರಸ ಬಿಟ್ಟು ಹದಿನೈದು ನಿಮಿಷ ನೋಡಿ. ಮಾರ್ಬಲ್ ಆಗಲಿ, ಕಡಪ ಆಗಲಿ ಮಂಕಾಗುತ್ತದೆ, ಒಳ್ಳೇ ಗ್ರಾನೈಟ್ ಹಾಗೇ ಇರುತ್ತದೆ. ನೀರಿನ ಹನಿ ಬಿದ್ದ ಜಾಗ ಬೇಗ ಕಪ್ಪಾದರೆ ಕಲ್ಲು ನೀರು ಕುಡೀತದೆ ಅಂತ ಅರ್ಥ. ಅಂಥದಕ್ಕೆ ಎಣ್ಣೆ, ಅರಿಶಿನ ಇಳಿಯದಂತೆ ಸೀಲರ್ ಹಾಕಿಸಬೇಕು.

ಕ್ವಾರ್ಟ್ಜ್ ಅಂತ ಮಾರೋದು ಕಲ್ಲಿನ ಪುಡಿಗೆ ರೆಸಿನ್ ಬೆರೆಸಿ ಮಾಡಿದ್ದು. ನೋಡೋಕೆ ಚೆಂದ, ಕಲೆ ಹಿಡಿಯೋದೂ ಕಡಿಮೆ. ಆದರೆ ಒಲೆಯಿಂದ ಇಳಿಸಿದ ಪಾತ್ರೆ ನೇರ ಇಟ್ಟರೆ ರೆಸಿನ್ ಸುಡಬಹುದು. ಅದಕ್ಕಿಂತ ದೊಡ್ಡ ವಿಷಯ, ಅದನ್ನು ಕೊಯ್ಯುವಾಗ ಏಳುವ ಸಿಲಿಕಾ ಧೂಳು ಶ್ವಾಸಕೋಶ ಹಾಳು ಮಾಡುತ್ತದೆ. ಕೆಲಸಗಾರರಿಗೆ ಸಿಲಿಕೋಸಿಸ್ ಬಂದ ಕಾರಣಕ್ಕೆ ಆಸ್ಟ್ರೇಲಿಯಾ 2024ರ ಜುಲೈ 1ರಿಂದ ಇಂಥ ಕಲ್ಲನ್ನು ನಿಷೇಧಿಸಿದೆ. ಗ್ರಾನೈಟ್‌ನಲ್ಲೂ ಸಿಲಿಕಾ ಇದೆ, ಪ್ರಮಾಣ ಕಡಿಮೆ ಅಷ್ಟೆ. ನಮ್ಮ ಓದುಗರಲ್ಲಿ ಕಲ್ಲಿನ ವರ್ಕ್‌ಶಾಪಿನಲ್ಲಿ ದುಡಿಯೋರು ಇದ್ದರೆ, ನೀರು ಬಿಡದೆ ಕೊಯ್ಯಬೇಡಿ, ಸರಿಯಾದ ಮಾಸ್ಕ್ ಇಲ್ಲದೆ ಮೆಷಿನ್ ಹಿಡೀಬೇಡಿ. ಊರಲ್ಲಿ ಕೆಲಸ ಮಾಡಿಸೋರು ನೀರಿನ ಪೈಪ್ ಕೊಟ್ಟು ಹೊರಗೆ ಕೊಯ್ಯಲು ಹೇಳಿ. ಆ ಹುಡುಗರೂ ನಮ್ಮ ಹಾಗೇ ಮನೆಗೆ ದುಡ್ಡು ಕಳಿಸೋರು.

ಕೊನೆಯದು ಎತ್ತರ. ಮೇಸ್ತ್ರಿ 34 ಇಂಚು ಅಂದಿದ್ದರು. ನಾನೂ ಫೋನಿನಲ್ಲಿ ಹೂಂ ಅಂದಿದ್ದೆ. ಅಮ್ಮನದು ಗಿಡ್ಡ ಆಳ್ತನ. ಭಾವ ಅವರನ್ನು ನಿಲ್ಲಿಸಿ, ಕೈ ಮಡಚಿಸಿ, ಮೊಣಕೈಯಿಂದ ನಾಲ್ಕೈದು ಇಂಚು ಕೆಳಗೆ ಗುರುತು ಹಾಕಿಸಿದರು. ಕಲ್ಲಿನ ದಪ್ಪವೂ ಸೇರಿ 31 ಇಂಚು ಬಂತು. "ಈಗ ಚಪಾತಿ ಲಟ್ಟಿಸಿದರೆ ಭುಜ ನೋಯೋಲ್ಲ ಕಣಪ್ಪ" ಅಂತಾರೆ ಅಮ್ಮ. ಇದು ನನ್ನ ಎಕ್ಸೆಲ್ ಶೀಟಿನಲ್ಲಿ ಇರಲಿಲ್ಲ.

ಮರುದಿನ ಭಾವನಿಗೆ ಫೋನ್ ಮಾಡಿ, "ತಪ್ಪಾಯ್ತು ಭಾವ, ಬಿಲ್ ನೋಡದೆ ಮಾತಾಡಿದೆ" ಅಂದೆ. ಅವರು ನಕ್ಕು, "18,000ದಲ್ಲಿ 310 ಉಳಿದಿದೆ. ಅಮ್ಮನ ಕೈಗೆ ಕೊಟ್ಟಿದೀನಿ, ಅದನ್ನೂ ಬರ್ಕೊ" ಅಂದರು.

ಬರ್ಕೊಂಡೆ. ದೂರದಲ್ಲಿ ಕೂತ ನಮಗೆ ಅನುಮಾನ ಬರೋದು ಸಹಜ. ಆದರೆ ಮೊದಲು ಬಿಲ್ ತರಿಸಿ, ಸಾಲು ಸಾಲು ಓದಿ, ಆಮೇಲೆ ಮಾತಾಡಿ. ಕಲ್ಲು ಒಡೆದರೆ ಇನ್ನೊಂದು ತರಬಹುದು.

ಮುಂದಿನ ತಿಂಗಳು ಮತ್ತೆ ಸಿಗೋಣ.