ವೀರಬಾಹು ಎಲ್ಲಿ ಮಾರಾಯ್ರೆ?

ಹೆಮ್ಮಾಡಿ ಬದಿಯ ಬಯಲಾಟದಲ್ಲಾಗಲಿ, ರಾಜ್‌ಕುಮಾರ್ ಅವರ 1965ರ ಸಿನಿಮಾದಲ್ಲಾಗಲಿ, ಹರಿಶ್ಚಂದ್ರ ಸುಡುಗಾಡು ಕಾಯುವಾಗ ನಾನೂ ಅತ್ತವನೇ. ಆಮೇಲೆ ರಾಘವಾಂಕನ ಕಾವ್ಯ ಓದಿದೆ. ಹೊಲತಿಯರನ್ನು ಮದುವೆಯಾಗಿದ್ದರೆ ರಾಜ್ಯ ಉಳೀತಿತ್ತು. ದೊರೆ ರಾಜ್ಯ ಬಿಟ್ಟ, ಜಾತಿ ಬಿಡಲಿಲ್ಲ! ತಮ್ಮ ಹಾಡು ಕೇಳಿದ ಕಿವಿಗಿಲ್ಲದ ಮೈಲಿಗೆ ಮುಟ್ಟಿದರೆ ಮಾತ್ರ ಎಲ್ಲಿಂದ ಬಂತು ಅಂತ ಕೇಳಿದ ಆ ಹೆಣ್ಮಕ್ಕಳಿಗೆ ಸಿಕ್ಕಿದ್ದು ಏಟು.

ಅಂಥವನನ್ನು ಹಣ ಕೊಟ್ಟು ಕೊಂಡು, ಋಷಿಯ ಸಾಲ ತೀರುವಂತೆ ಮಾಡಿ, ಅವನ ಸತ್ಯ ಉಳಿಸಿದವನು ಹೊಲೆಯ ವೀರಬಾಹು. ಕಡೆಗೆ ಶಿವ ಬಂದ. ಹೆಂಡತಿ, ಮಗ, ಅಯೋಧ್ಯೆಯ ಸಿಂಹಾಸನ ಎಲ್ಲ ವಾಪಸ್. ವೀರಬಾಹುವಿಗೆ? ಮಾರ್ಕಂಡೇಯ ಪುರಾಣದಲ್ಲಂತೂ ಆ ಚಂಡಾಲ ಧರ್ಮದೇವತೆ ಹಾಕಿದ ವೇಷ ಅಂತೆ. ಉಪಕಾರ ಮಾಡಿದವ ನಮ್ಮವನಾಗಿರಲೂ ಬಾರದು!

ಮುಂದಿನ ಆಟದಲ್ಲಿ ಪಟ್ಟಾಭಿಷೇಕದ ಹೊತ್ತಿಗೆ ಎದ್ದು ನಿಂತು ಇದನ್ನೇ ಕೇಳ್ತೆ.

ಜೈ ಭೀಮ್.